ಚೌರಪ್ಪನವರು ಕಂಡ ಬೆತ್ಲೆಹೇಮ್

ಮುಳಬಾಗಿಲಿನ ಚರ್ಚಿನಿಂದ ಜೆರುಸಲೇಮ್, ಬೆತ್ಲೆಹೇಮ್ ಕಡೆ ಯಾತ್ರೆ ಹೊರಟರೆ ಅದರ ಯಜಮಾನಿಕೆ ಚೌರಪ್ಪನವರದೇ. ಹೊರಡುವ ಮೊದಲು ಮನೆಮನೆಗೂ ಹೋಗಿ, "ಹೊಸ ಚಪ್ಪಲಿ ಬೇಡ, ಕಚ್ಚುತ್ತೆ. ಹುರಿಹಿಟ್ಟು ಮರೀಬೇಡಿ" ಎಂದು ಹೇಳಿಬರುತ್ತಾರೆ. ಪರದೇಶದ ಹೋಟೆಲಿನಲ್ಲಿ ನಮ್ಮ ಗಡಿಯೂರಿನ ತೆಲುಗಿನಲ್ಲೇ ಬಿಸಿನೀರು ಕೇಳುತ್ತಾರೆ, ಅದು ಬಂದೂ ಬರುತ್ತದೆ. ಅಲ್ಲಿನ ಒಂಟೆಗೂ ತೆಲುಗಿನಲ್ಲೇ ಬುದ್ಧಿ ಹೇಳುತ್ತಾರೆ. ನಡೆಯುವಾಗ ಮಾತ್ರ ಎಲ್ಲರಿಗಿಂತ ಹಿಂದೆ, ಹೆಗಲಿಗೆ ಯಾರದೋ ಚೀಲ. ಈ ಸಲ ಬೆತ್ಲೆಹೇಮಿನಲ್ಲಿ, ಯೇಸು ಹುಟ್ಟಿದ ಗವಿಗೆ ಇಳಿಯುವ ಮೆಟ್ಟಿಲ ಬಳಿ, ದೇವರಾಯಸಮುದ್ರದ ಮುದುಕಿ ಆರೋಗ್ಯಮ್ಮ ಮಂಡಿನೋವೆಂದು ಕೂತುಬಿಟ್ಟರು. ಉಳಿದವರನ್ನು ಒಳಗೆ ಕಳಿಸಿ ಚೌರಪ್ಪನವರೂ ಪಕ್ಕದಲ್ಲಿ ಕೂತು, ಗವಿಯ ಸಾಲು ದೀಪಗಳು, ನೆಲಕ್ಕೆ ಕೂರಿಸಿದ ಬೆಳ್ಳಿ ನಕ್ಷತ್ರ, ಅದನ್ನು ಮುಟ್ಟಿದರೆ ಅಂಗೈಗೆ ಹತ್ತುವ ತಂಪು, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದರು. "ನೀನೆಷ್ಟು ಸಲ ನೋಡಿದ್ದೀಯಪ್ಪಾ?" ಎಂದರು ಆರೋಗ್ಯಮ್ಮ. ಚೌರಪ್ಪನವರಿಗೆ ನಾಚಿಕೆಯಾಯಿತು. "ನಾನು ಇಳಿದೇ ಇಲ್ಲಮ್ಮ. ಪ್ರತಿ ಸಲಾನೂ ಯಾರಿಗಾದ್ರೂ ಒಬ್ರಿಗೆ ಆಗಲ್ಲ, ಅವರ ಜೊತೆ ಕೂತಿರ್ತೀನಿ. ಹೋಗಿಬಂದೋರು ಹೇಳಿದ್ದನ್ನೇ ನಿಮಗೆ ಹೇಳ್ದೆ." ಆರೋಗ್ಯಮ್ಮ ಗೋಡೆ ಹಿಡಿದು ಎದ್ದು ಕೈ ಚಾಚಿದರು. "ಬಾ, ನಿಧಾನಕ್ಕೆ ಇಳಿಯೋಣ. ನಾನು ತೋರಿಸ್ತೀನಿ." ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ನಕ್ಷತ್ರದ ಮುಂದೆ ಮಂಡಿಯೂರಿದ ಚೌರಪ್ಪನವರು ಬೇಗ ಏಳಲಿಲ್ಲ. ಮೇಲೆ ಬಸ್ಸಿನ ಹತ್ತಿರ ಎಲ್ಲರೂ ಅವರಿಗಾಗಿ ಕಾದು ನಿಂತರು. ಯಾರೂ ಕೂಗಿ ಕರೆಯಲಿಲ್ಲ.