ಬೀದಿಯ ತುದಿಯ ಕಬ್ಬಿಣದ ಗೋಡೆ

ಸಾಮಾನಿನ ಲಾರಿ ಹೊಸ ಊರು ಮುಟ್ಟಿದ ಬೆಳಿಗ್ಗೆ ಅವಳು ಮೊದಲು ಇಳಿಸಿಕೊಂಡದ್ದು ತನ್ನ ಹೊಲಿಗೆ ಯಂತ್ರವನ್ನು. ಪಾತ್ರೆಪಗಡ ಬೇಕಾದರೆ ಸೊಟ್ಟಗಾಗಲಿ, ಅದಕ್ಕೆ ಮಾತ್ರ ಗೀರು ಬೀಳಕೂಡದು. ಗಂಡ ವೆಲ್ಡರ್. ಹಡಗು ಕಟ್ಟುವ ಕಾರ್ಖಾನೆಯಲ್ಲಿ ಅವನಿಗೆ ಮೂರು ವರ್ಷದ ಕೆಲಸ ಸಿಕ್ಕಿತ್ತು. ಅವನು, ಅವಳು, ಎಂಟು ವರ್ಷದ ಮಗಳು, ಅತ್ತೆ, ನಾಲ್ವರೂ ಸಮುದ್ರದ ಗಾಳಿಯೇ ಸೋಕದ ಬಯಲುಸೀಮೆಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದಿದ್ದರು.

ಮೂರನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಕಿಟಕಿ ಬೀದಿಯ ತುದಿಗೆ ಮುಖ ಮಾಡಿತ್ತು. ತೆರೆದರೆ ಎದುರಿಗೆ ತುಕ್ಕು ಬಣ್ಣದ ಗೋಡೆ. ತಲೆಯೆತ್ತಿ ನೋಡಿದಷ್ಟೂ ಗೋಡೆಯೇ.

"ಸಮುದ್ರ ಕಾಣುತ್ತೆ ಅಂದಿದ್ದ ನಿನ್ನ ಗಂಡ," ಅತ್ತೆ ಮೂಗು ಮುರಿದರು. "ಈ ಗೋಡೆ ನೋಡೋಕೆ ಇಷ್ಟು ದೂರ ಬರಬೇಕಿತ್ತಾ?"

"ನಿಮ್ಮ ಮಗ ತಾನೇ ಅತ್ತೆ, ನೀವೇ ಕೇಳಿ."

ಅಷ್ಟರಲ್ಲಿ ಮಗಳು ಕೂಗಿದಳು. "ಅಮ್ಮ, ಗೋಡೆ ಮೇಲೆ ಮನುಷ್ಯರು ನೇತಾಡ್ತಿದ್ದಾರೆ!"

ಹೌದು, ಇರುವೆಯಷ್ಟು ಮನುಷ್ಯರು. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಕಿಡಿ ಉದುರಿಸುತ್ತಿದ್ದರು. ಗಂಡ ಹಿಂದಿನಿಂದ ಬಂದು ನಕ್ಕ. "ಗೋಡೆ ಅಲ್ಲ ಕಣೇ, ಹಡಗು. ನಾಳೆಯಿಂದ ನಾನೂ ಅಲ್ಲೇ."

ಅವಳು ಕಿಟಕಿಯ ಸರಳು ಹಿಡಿದುಕೊಂಡಳು. ನೀರಿನ ಮೇಲೆ ತೇಲುವುದೆಂದರೆ ಅವಳಿಗೆ ಗೊತ್ತಿದ್ದದ್ದು ಕೆರೆಯ ದೋಣಿ. "ನೀರಿಗೆ ಬಿದ್ದರೆ ಒಂದು ಸೂಜಿಯೂ ಮುಳುಗುತ್ತೆ. ಇಷ್ಟು ಕಬ್ಬಿಣ ಹೇಗೆ ತೇಲುತ್ತೆ ರೀ?"

"ಅದನ್ನ ಇಂಜಿನಿಯರ್ ಹತ್ರ ಕೇಳ್ಬೇಕು. ನಂಗೆ ಬೆಸುಗೆ ಹಾಕೋದಷ್ಟೇ ಗೊತ್ತು."

ಮೊದಲ ತಿಂಗಳುಗಳು ಎಳೆದಾಡಿದವು. ಬಾಗಿಲಿಗೆ ಹೊಲಿಗೆಯ ಬೋರ್ಡು ತೂಗುಹಾಕಿದಳು. ಒಂದು ನರಪಿಳ್ಳೆಯೂ ಇಣುಕಲಿಲ್ಲ. ಅವರವರಿಗೆ ಅವರವರ ಹಳೇ ದರ್ಜಿಗಳಿದ್ದರು. ಕೈ ಸುಮ್ಮನಿರಬೇಕಲ್ಲ, ಕಿಡಿ ಬಿದ್ದು ತೂತಾದ ಗಂಡನ ಅಂಗಿ ತೋಳಿಗೆ ದಪ್ಪ ಕ್ಯಾನ್‌ವಾಸ್ ಎರಡು ಪದರ ಇಟ್ಟು ಹೊಲಿದಳು. ಮೊಣಕೈ ಮಡಿಸಲು ಅಡ್ಡಿಯಾಗದ ಹಾಗೆ ಒಳಗೆ ಒಂದು ನೆರಿಗೆಯನ್ನೂ ಬಿಟ್ಟಳು. ವಾರ ಕಳೆಯುವುದರೊಳಗೆ ಹನ್ನೊಂದು ಜನ ವೆಲ್ಡರುಗಳ ಅಂಗಿಗಳು ಮನೆಗೆ ಬಂದವು. ಅವುಗಳ ಹಿಂದೆಯೇ, ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ, ಕಾರ್ಖಾನೆಯ ಮೇಸ್ತ್ರಿಯೂ ಬಂದ.

"ಈ ತೋಳು ಹೊಲಿದದ್ದು ಯಾರಮ್ಮ?"

"ನಾನೇ. ಯಾಕೆ, ಬಿಚ್ಚಿಹೋಯ್ತಾ?"

"ಬಿಚ್ಚೋಣ ಅಂತ ನೋಡಿದೆ, ಆಗ್ಲಿಲ್ಲ. ನಮ್ಮ ಹೊದಿಕೆ ಶೆಡ್ಡಿಗೆ ಬರ್ತೀಯಾ?"

ಹಡಗಿನ ಮೇಲಿಡುವ ಚಿಕ್ಕ ದೋಣಿಗಳಿಗೆ ಹೊದಿಕೆ ಹೊಲಿಯುವ ಶೆಡ್ಡು ಅದು. ಅಲ್ಲಿಗೆ ಹೋಗುವ ದಾರಿ ಹಡಗಿನ ಹೊಟ್ಟೆಯ ಕೆಳಗೇ ಹಾಯುತ್ತಿತ್ತು. ಮೊದಲ ದಿನ ಅವಳು ಆ ನೆರಳಿನಲ್ಲಿ ನಿಂತೇಬಿಟ್ಟಳು. ನೆತ್ತಿಯ ಮೇಲೆ ಒಂದು ಊರಿಗಾಗುವಷ್ಟು ಕಬ್ಬಿಣ, ಮರದ ದಿಮ್ಮಿಗಳ ಮೇಲೆ ಉಸಿರು ಬಿಗಿಹಿಡಿದು ಕೂತಂತಿತ್ತು. ಹೆದರುತ್ತಲೇ ಕೈಯಿಟ್ಟಳು. ತಣ್ಣಗಿತ್ತು, ಎಲ್ಲೋ ಮೇಲೆ ಬೀಳುತ್ತಿದ್ದ ಸುತ್ತಿಗೆಯ ಪೆಟ್ಟು ಅಂಗೈಗೆ ಬಂದು ತಾಕಿತು. ಬೆರಳು ಜಾರಿಸಿದಾಗ ಎರಡು ತಗಡುಗಳು ಕೂಡಿದ ಕಡೆ ಸಣ್ಣ ಸಣ್ಣ ಅಲೆಯಂಥ ಬೆಸುಗೆಯ ಗೆರೆ ಸಿಕ್ಕಿತು. ಒಂದರ ಪಕ್ಕ ಒಂದು, ಒತ್ತೊತ್ತಾಗಿ, ಎಲ್ಲೂ ತಪ್ಪದೆ. ಅಯ್ಯೋ, ಇದೂ ಹೊಲಿಗೆಯೇ! ಇಷ್ಟು ದೊಡ್ಡದನ್ನು ಗಂಡನಂಥವರು ಗೇಣು ಗೇಣಾಗಿ ಹೊಲಿದಿದ್ದಾರೆ.

ಮುಂದಿನ ವರ್ಷ ಹಡಗನ್ನು ನೀರಿಗಿಳಿಸುವ ದಿನ ಬಂತು. ಮಂಡಿನೋವೆಂದು ಮೆಟ್ಟಿಲನ್ನೇ ಇಳಿಯದಿದ್ದ ಅತ್ತೆಯನ್ನು ಇಬ್ಬರು ವೆಲ್ಡರುಗಳು ಕುರ್ಚಿಸಮೇತ ಹೊತ್ತು ತಂದರು. "ಮೆಲ್ಲಗೆ ಕಣ್ರಪ್ಪಾ, ನಾನೇನು ತಗಡಲ್ಲ," ಎಂದು ಅವರು ದಾರಿಯುದ್ದಕ್ಕೂ ರೇಗುತ್ತಲೇ ಇದ್ದರು.

ಕೆಳಗಿನ ದಿಮ್ಮಿಗಳನ್ನು ಒಂದೊಂದಾಗಿ ಹೊಡೆದು ಬೀಳಿಸಿದರು. ಕೊನೆಯದೂ ಬಿತ್ತು. ಏನೂ ಆಗಲಿಲ್ಲ. ಸಾವಿರಾರು ಜನ ನೆರೆದಿದ್ದರೂ ಒಂದು ಕೆಮ್ಮೂ ಕೇಳಲಿಲ್ಲ.

"ನೆಲ ಸರೀತಿದೆ!" ಮಗಳು ಅವಳ ಸೆರಗು ಹಿಡಿದಳು.

ಸರಿಯುತ್ತಿದ್ದದ್ದು ನೆಲವಲ್ಲ. ಹಡಗು ಮೊದಲು ಬೆರಳಗಲ, ಆಮೇಲೆ ಮಾರಗಲ, ಆಮೇಲೆ ಗ್ರೀಸು ಬಳಿದ ಇಳಿಜಾರಿನಲ್ಲಿ ಗುಡುಗುತ್ತ ಹಿಂದಕ್ಕೆ ಹೊರಟೇಹೋಯಿತು. ವೇಗ ತಡೆಯಲು ಅದಕ್ಕೆ ಕಟ್ಟಿದ್ದ ಸರಪಳಿಗಳು ಕೆಂಪು ಧೂಳೆಬ್ಬಿಸಿದವು. ಸಮುದ್ರ ಎರಡಾಗಿ ಸೀಳಿ ಎದ್ದು ನಿಂತಿತು. ಹಡಗು ಒಮ್ಮೆ ತಲೆಬಾಗಿ, ಸಾವರಿಸಿಕೊಂಡು, ತಾವರೆ ಎಲೆಯಷ್ಟು ಹಗುರಾಗಿ ತೇಲಿತು. ಗಂಡ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

ಅತ್ತೆ ಮಗನ ಕೈ ಜಗ್ಗಿದರು. "ಇನ್ನೊಂದ್ಸಲ ಬಿಡ್ತಾರೇನೋ?"

ಮನೆಗೆ ಬಂದು ಬಾಗಿಲು ತೆಗೆದರೆ ಅಡುಗೆಮನೆಯ ತುಂಬ ಬೆಳಕು. ಗೋಡೆಯಿದ್ದ ಜಾಗದಲ್ಲಿ ಸಮುದ್ರ, ಅಂಚೇ ಕಾಣದಷ್ಟು. ಅಂದು ಯಾರಿಗೂ ಒಲೆ ಹಚ್ಚುವ ನೆನಪಾಗಲಿಲ್ಲ.

ಆ ಬೆಳಕು ಎರಡು ತಿಂಗಳಷ್ಟೇ. ಅದೇ ಜಾಗದಲ್ಲಿ ಮುಂದಿನ ಹಡಗಿನ ತಳ ಏಳತೊಡಗಿತು. ಮೂರು ವರ್ಷಕ್ಕೆಂದು ಬಂದವರು ಇಪ್ಪತ್ತೆರಡು ವರ್ಷ ಅಲ್ಲೇ ಉಳಿದರು. ಅತ್ತೆ ಒಂಬತ್ತು ಹಡಗುಗಳನ್ನು ಕಣ್ತುಂಬ ನೋಡಿ ಕಣ್ಮುಚ್ಚಿದರು. ಅವಳು ಹೊದಿಕೆ ಶೆಡ್ಡಿಗೇ ಮೇಸ್ತ್ರಿಯಾದಳು, ಊರಿಗೆಲ್ಲ ಸೂಜಿಯಕ್ಕ. ಬಾಯಿ ಜೋರು, ಕೆಲಸ ಕೆಟ್ಟರೆ ಮುಖ ಮೂತಿ ನೋಡದೆ ಬೈಯುವವಳು. ಹಡಗು ಇಳಿಯುವ ದಿನ ಮಾತ್ರ ಯಂತ್ರಗಳನ್ನೆಲ್ಲ ನಿಲ್ಲಿಸಿ ಹೆಂಗಸರನ್ನು ಹೊರಗೆ ಕರೆದೊಯ್ಯುತ್ತಿದ್ದಳು. ಹೊಸಬರು ಏನಾದರೂ ಕೇಳಿದರೆ ಅವರ ಭುಜದ ಮೇಲೆ ಕೈಯಿಟ್ಟು, "ಮಾತಾಡಬೇಡ, ನೋಡು," ಅನ್ನುತ್ತಿದ್ದಳು.