ದೇವರ ಮೇಲೆ ಹೊರಿಸಿದ್ದು

ನಮ್ಮಪ್ಪನಿಗೆ ಓದು ಬರುತ್ತಿರಲಿಲ್ಲ. ಆದರೆ ಹಸು ಬೆದೆಗೆ ಬಂದರೆ ಕೊಟ್ಟಿಗೆಯಲ್ಲೇ ಹುಟ್ಟಿ ಬೆಳೆದ ಹೋರಿಯನ್ನು ಅದಕ್ಕೆ ಬಿಡುತ್ತಿರಲಿಲ್ಲ. ಅಜ್ಜಂಪುರದ ನಮ್ಮ ಮನೆಯಿಂದ ಮೂರು ಊರಾಚೆಗೆ ಹಗ್ಗ ಹಿಡಿದು ನಡೆಸಿಕೊಂಡು ಹೋಗುತ್ತಿದ್ದ. "ಒಂದೇ ಮನೆ ರಕ್ತ ಬ್ಯಾಡ ಕಣೋ, ಕರ ಸೊರಗ್ತವೆ" ಎನ್ನುತ್ತಿದ್ದ.

ಅದೇ ಅಪ್ಪ, ಕಡೂರಿಗೆ ಕೊಟ್ಟಿದ್ದ ನನ್ನ ಅಕ್ಕನ ಮಗಳನ್ನು ನನಗೆ ಗೊತ್ತುಮಾಡಿದ. "ಮನೇಲೇ ಹೆಣ್ಣಿರುವಾಗ ಹೊರಗ್ಯಾಕೆ ಹುಡುಕ್ಬೇಕು?" ಎಂದಳು ಅವ್ವ. ನಮ್ಮ ಕಡೆ ನಡೆದುಬಂದದ್ದೇ. ಅವರದು ರೂಢಿ ಎನ್ನೋಣ, ನನ್ನದೇನು? ನಾನಾಗಲೇ ತರೀಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅನುವಂಶೀಯತೆ, ಜೀವವಿಕಾಸ ಎರಡನ್ನೂ ಪ್ರತಿವರ್ಷ ಹತ್ತನೇ ತರಗತಿಗೆ ಪಾಠ ಮಾಡುತ್ತಿದ್ದೆ. ತಂದೆತಾಯಿ ಇಬ್ಬರಲ್ಲೂ ಅಡಗಿ ಕೂತ ದೋಷ ಮಗುವಿನಲ್ಲಿ ಹೊರಬೀಳಬಹುದು, ಹತ್ತಿರದ ಸಂಬಂಧದಲ್ಲಿ ಆ ಅಪಾಯ ಹೆಚ್ಚು ಎಂದು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಆಮೇಲೆ ಕೈಯ ಸೀಮೆಸುಣ್ಣ ಒರೆಸಿಕೊಂಡು ಹೋಗಿ ತಾಳಿ ಕಟ್ಟಿದೆ. ಹುಡುಗಿ ಚೆನ್ನಾಗಿದ್ದಳು, ನನಗೆ ಇಷ್ಟವಿತ್ತು.

ಮಗಳು ಹುಟ್ಟಿದಾಗ ಸ್ವಾಮಿಗಳು ಬಂದು ಲಿಂಗ ಕಟ್ಟಿದರು. ವರ್ಷವಾದರೂ ಮಗುವಿನ ಕತ್ತು ನಿಲ್ಲಲಿಲ್ಲ. ದೊಡ್ಡಾಸ್ಪತ್ರೆಗೆ ಹೋದೆವು. ಮಗು ಅಳುತ್ತಿತ್ತೆಂದು ಹೆಂಡತಿ ಎತ್ತಿಕೊಂಡು ಹೊರಗಿದ್ದಳು. ಡಾಕ್ಟರು ನನ್ನನ್ನು ಕೇಳಿದರು, "ಸಂಬಂಧದಲ್ಲಿ ಮದುವೆನಾ?" ಅಕ್ಕನ ಮಗಳು ಎಂದೆ. "ಮೇಷ್ಟ್ರು ಅಂತೀರಿ" ಎಂದು ಪೆನ್ನು ಕೆಳಗಿಟ್ಟರು. ವಾಸಿಯಾಗುವ ಕಾಯಿಲೆಯಲ್ಲ ಎಂದೂ ಹೇಳಿದರು.

"ಏನಂದ್ರು ಮಾವ?" ಎಂದಳು ಹೆಂಡತಿ. ಮದುವೆಯಾದ ಮೇಲೂ ಅವಳಿಗೆ ನಾನು ಮಾವನೇ.

"ದೇವರಿಚ್ಛೆ ಅಂದ್ರು" ಎಂದೆ.

ಆ ವರ್ಷ ಜೀವವಿಕಾಸದ ಪಾಠ ಮಾಡುವಾಗ ಹುಡುಗಿಯೊಬ್ಬಳು ಎದ್ದು ನಿಂತು, "ಎಲ್ಲಾ ತಾನಾಗೇ ಆಯ್ತು ಅಂದ್ರೆ ದೇವ್ರು ಏನ್ ಮಾಡ್ತಾನೆ ಸಾರ್?" ಎಂದಳು. "ಅದು ಪರೀಕ್ಷೆಗೆ ಬರಲ್ಲ, ಕೂತ್ಕೊ" ಎಂದೆ. ಮಕ್ಕಳೆಲ್ಲ ನಕ್ಕರು. ನನಗೆ ಉತ್ತರ ಗೊತ್ತಿತ್ತು. ಒಂದೊಂದು ಜೀವವನ್ನೂ ಕೂತು ತಿದ್ದಿ ತೀಡುವ ದೇವರಲ್ಲಿ ನಂಬಿಕೆ ಕಾಲೇಜಿನಲ್ಲೇ ಹೋಗಿತ್ತು. ಅಂಥ ದೇವರಿಲ್ಲದಿದ್ದರೆ ನನ್ನ ಮಗಳ ಕತ್ತು ನಿಲ್ಲದ್ದಕ್ಕೆ ಅವನ ಹೆಸರು ಹೇಳುವಂತಿಲ್ಲ. ಜೀವವಿಕಾಸ ದೇವರನ್ನು ಕೊಂದಿತು ಎನ್ನುತ್ತಾರೆ. ನನ್ನ ಮಟ್ಟಿಗೆ ಅದು ಅವನನ್ನು ಖುಲಾಸೆ ಮಾಡಿತ್ತು. ಆದರೂ ನಾನು ಅವನನ್ನು ಮನೆಯಲ್ಲಿ ಇಟ್ಟುಕೊಂಡೆ, ನನ್ನ ತಪ್ಪು ಹೊರಲು ಯಾರಾದರೂ ಬೇಕಿತ್ತಲ್ಲ.

ನಾಲ್ಕು ತುಂಬುವ ಮೊದಲೇ ಮಗಳು ಹೋದಳು. ನಮ್ಮ ಪದ್ಧತಿಯಂತೆ ಗುಂಡಿಯಲ್ಲಿ ಕೂರಿಸಿ ಎಡಗೈಯಲ್ಲಿ ಲಿಂಗ ಇಟ್ಟರು. ಬದುಕಿದ್ದಾಗ ನಿಲ್ಲದ ಕತ್ತು ಆಗಲೂ ವಾಲಿತು. ಸ್ವಾಮಿಗಳು ಸುತ್ತ ವಿಭೂತಿ ಗಟ್ಟಿಗಳನ್ನೂ ಮಣ್ಣನ್ನೂ ಒತ್ತಿ ನೆಟ್ಟಗೆ ನಿಲ್ಲಿಸಿದರು. ನಾನು ನೋಡಲಾರದೆ ತೆಂಗಿನ ಮರದ ಕಡೆ ತಿರುಗಿದೆ.

ಮಾರನೆಯ ದಿನ ಹೆಂಡತಿ ತನ್ನ ಕೊರಳ ಲಿಂಗವನ್ನು ತೆಗೆದು ಗೋಡೆಯ ಗೂಡಿನಲ್ಲಿಟ್ಟಳು. ಸ್ನಾನಕ್ಕೂ ನಿದ್ದೆಗೂ ಮೈಯಿಂದ ಬೇರೆ ಮಾಡಬಾರದ ಲಿಂಗ. "ಆ ಹಾಳಾದೋನು ನಂಗೆ ಬ್ಯಾಡ" ಎಂದಳು. ಅಕ್ಕ ಬಂದು ಅತ್ತಳು, ಸ್ವಾಮಿಗಳು ಬುದ್ಧಿ ಹೇಳಿದರು, ಕೇಳಲಿಲ್ಲ. ದಿನಾ ಬೆಳಿಗ್ಗೆ ಗೂಡಿನ ಮುಂದೆ ನಿಂತು ಬೈಯುತ್ತಿದ್ದಳು. ಊಟ ಕಮ್ಮಿಯಾಯಿತು, ಮೈ ಇಳಿದುಹೋಯಿತು. ಅವಳಿಗಿದ್ದ ಒಂದೇ ಆಸರೆಯನ್ನು ನನ್ನ ಒಂದು ಮಾತು ಕಿತ್ತುಕೊಂಡಿತ್ತು. ಒಂದು ವರ್ಷ ಇದನ್ನು ನೋಡಿಕೊಂಡು ತೆಪ್ಪಗೆ ಶಾಲೆಗೆ ಹೋಗಿಬಂದೆ, ಹೇಡಿ.

ಕೊನೆಗೊಂದು ಬೆಳಿಗ್ಗೆ, ಅವಳು ಬೈಯುತ್ತಿರುವಾಗಲೇ, ಎಲ್ಲ ಹೇಳಿದೆ. ಡಾಕ್ಟರು ಅಂದದ್ದು, ಬೋರ್ಡಿನ ಮೇಲೆ ನಾನು ಬರೆಯುತ್ತಿದ್ದದ್ದು.

"ಮದ್ವೆಗೆ ಮುಂಚೇನೇ ಗೊತ್ತಿತ್ತಾ ಮಾವ?"

"ಗೊತ್ತಿತ್ತು."

ಅವಳು ಕೂಗಾಡಲಿಲ್ಲ. ಲಿಂಗ ತೆಗೆದು ತೊಳೆದು, ವಿಭೂತಿ ಹಚ್ಚಿ, ಅಂಗೈಯಲ್ಲಿಟ್ಟುಕೊಂಡು ಕೂತಳು. "ತಪ್ಪಾಯ್ತಪ್ಪಾ, ಸುಮ್ಸುಮ್ನೆ ನಿನ್ನ ಬೈದ್ಬಿಟ್ಟೆ" ಎಂದು ಅದಕ್ಕೆ ಹೇಳಿದಳು. ಆ ದೇವರು ಏನನ್ನೂ ಕೊಟ್ಟಿರಲಿಲ್ಲ, ಕಿತ್ತುಕೊಂಡಿರಲೂ ಇಲ್ಲ. ಕೇಳಿಸಿಕೊಳ್ಳಲು ಮಾತ್ರ ಇದ್ದ. ತಪ್ಪಾಯ್ತು ಎನ್ನಲು ನನಗೆ ಅಂಥವನೂ ಇರಲಿಲ್ಲ.

ಅವತ್ತಿನಿಂದ ಅವಳು ನನ್ನನ್ನು ಮಾವ ಎನ್ನುವುದಿಲ್ಲ. ಊಟಕ್ಕೆ ಕರೆಯುವಾಗ, "ಬನ್ನಿ ಮೇಷ್ಟ್ರೇ" ಎನ್ನುತ್ತಾಳೆ.