ಡಾಕ್ಟರ ಕಿವಿ, ದೊರೆಯ ಎದೆ

ಪ್ರಾಣಿಗಳ ಡಾಕ್ಟರಿಗೆ ಅರವತ್ತಾರು ತುಂಬಿತ್ತು. ಹಲ್ಲು ಗಟ್ಟಿ, ಮೊಣಕಾಲು ಗಟ್ಟಿ, ಹಟವಂತೂ ಎರಡಕ್ಕಿಂತ ಗಟ್ಟಿ. ಕಿವಿ ಮಾತ್ರ ಕೈಕೊಟ್ಟಿತ್ತು. ಬಾಗಿಲ ಗಂಟೆ ಬಾರಿಸಿದರೆ ಗೊತ್ತಾಗುತ್ತಿರಲಿಲ್ಲ. ಬುಟ್ಟಿಯೊಳಗಿನ ಬೆಕ್ಕಿನ ಮರಿ ಬಾಯಿ ತೆರೆಯುವುದು ಕಾಣುತ್ತಿತ್ತು, ಅದರ ದನಿ ಕೇಳುತ್ತಿರಲಿಲ್ಲ. ಇದನ್ನು ಅವರು ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಕಣ್ಣುಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ಬೆಕ್ಕಿನ ಡಾಕ್ಟರಿಗೂ ಅಂಥ ವ್ಯತ್ಯಾಸವೇನಿಲ್ಲ ನೋಡಿ.

ಹೇಳದಿರುವುದಕ್ಕೆ ಕಾರಣವಿತ್ತು. ನಲವತ್ತು ವರ್ಷ ಅವರು ಹೆಸರು ಮಾಡಿದ್ದೇ ಕಿವಿಯಿಂದ. ನಾಯಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಕಣ್ಣುಮುಚ್ಚಿ, ಇಂಥ ಕಡೆ ಇಂಥದ್ದು ಎನ್ನುತ್ತಿದ್ದರು. "ಕೇಳಿ ಹೇಳೋನು ಡಾಕ್ಟರು, ಯಂತ್ರ ನೋಡಿ ಹೇಳೋನು ಮೆಕ್ಯಾನಿಕ್ಕು" ಎಂಬುದು ಅವರ ಮಾತು. ಸ್ಕ್ಯಾನ್ ಯಂತ್ರ ಒಂದಿತ್ತು, ಬಸುರಿ ನಾಯಿಗಳಿಗೆಂದು ತಂದದ್ದು. ಉಳಿದ ದಿನ ಬಟ್ಟೆ ಹೊದ್ದು ಮೂಲೆಯಲ್ಲಿರುತ್ತಿತ್ತು. ಸ್ಟೆತಾಸ್ಕೋಪನ್ನು ಮಾತ್ರ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಹತ್ತೊಂಬತ್ತು ವರ್ಷದಿಂದ ಜೊತೆಗಿದ್ದ, ಎಲ್ಲರೂ ಸಿಸ್ಟರ್ ಎಂದೇ ಕರೆಯುವ ಸಹಾಯಕಿಯೂ ಮುಟ್ಟುವಂತಿರಲಿಲ್ಲ. ಕಚ್ಚುವ ನಾಯಿ ಹಿಡಿಯುವುದು, ಮೇಜು ಒರೆಸುವುದು, ಹೊರಗೆ ಕೂತವರ ಜಗಳ ಬಿಡಿಸುವುದು ಆಕೆಯ ಪಾಲು. ಎದೆ ಡಾಕ್ಟರ ಪಾಲು. ಎದೆ ಕೇಳದ ದಿನ ಅಂಗಡಿ ಮುಚ್ಚುವುದೆಂದು ಅವರು ತಮ್ಮಷ್ಟಕ್ಕೆ ತಾವೇ ತೀರ್ಮಾನಿಸಿದ್ದರು.

ಒಂದು ಸೋಮವಾರ ಮುಂದಿನ ಬೀದಿಯ ಟೈಲರಮ್ಮ ತನ್ನ ನಾಯಿಯನ್ನು ಕರೆತಂದಳು. ಹೆಸರು ದೊರೆ, ವಯಸ್ಸು ಒಂಬತ್ತು. ಕರಡಿಯಂಥ ಮೈ.

"ನಾಲ್ಕು ದಿನದಿಂದ ಊಟ ಬೇಡ ಅಂತಾನೆ ಡಾಕ್ಟ್ರೇ. ಮೆಟ್ಟಿಲು ಹತ್ತೋಕೆ ಹೋಗಿ ಅರ್ಧಕ್ಕೇ ಕೂತ್ಬಿಡ್ತಾನೆ. ಹೊಟ್ಟೆ ನೋಡಿ, ತಿನ್ನದೇ ಹೇಗೆ ಊದ್ಕೊಂಡಿದೆ!"

ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಗೋಡೆಯಾಚೆ ಯಾರೋ ದಿಂಬು ಬಡಿದಷ್ಟೇ ಸದ್ದು. ಜಾಗ ಬದಲಿಸಿದರು, ಅಷ್ಟೇ. ಬಾಗಿಲ ಗಂಟೆ ಹೋಯಿತು, ಬೆಕ್ಕಿನ ಮರಿ ಹೋಯಿತು, ಈಗ ಇದೂ ಹೋಯಿತು ಎಂದುಕೊಂಡರು. ನಾಯಿಯ ಎದೆಯಲ್ಲೇ ಏನಾದರೂ ಇರಬಹುದೆಂಬ ಯೋಚನೆ ಹತ್ತಿರಕ್ಕೂ ಸುಳಿಯಲಿಲ್ಲ.

"ಎದೆ ಹೇಗಿದೆ ಸಾರ್?" ಎಂದು ಸಿಸ್ಟರ್ ಚೀಟಿ ಬರೆಯಲೆಂದು ಕೇಳಿದಳು, ದಿನಾ ಕೇಳುವಂತೆಯೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

"ಹೇಗಿರತ್ತೆ? ಚೆನ್ನಾಗಿದೆ! ಬರ್ಕೋ!" ಎಂದು ರೇಗಿದರು. ಹೊಟ್ಟೆಯ ನೀರು ಇಳಿಯಲಿ ಎಂದು ಹೆಚ್ಚು ಉಚ್ಚೆ ಹೋಗುವ ಮಾತ್ರೆ ಕೊಟ್ಟು ಕಳಿಸಿದರು.

ಬುಧವಾರ ಬೆಳಿಗ್ಗೆ ದೊರೆ ಬಂದದ್ದು ಹಾಸುಬಟ್ಟೆಯಲ್ಲಿ. ಒಂದು ತುದಿ ಟೈಲರಮ್ಮನ ಕೈಯಲ್ಲಿ, ಇನ್ನೊಂದು ತುದಿ ಪಕ್ಕದ ಮನೆಯ ಪ್ಲಂಬರನ ಕೈಯಲ್ಲಿ. ಮೇಜಿನ ಮೇಲೆ ಮಲಗಿಸಿದರೆ ತಲೆ ಎತ್ತಲಿಲ್ಲ. ಒಸಡು ಬೆಳ್ಳಗಾಗಿತ್ತು. ಕುತ್ತಿಗೆಯ ನರ ಉಬ್ಬಿ ನಿಂತಿತ್ತು. ತೊಡೆಯ ಒಳಗೆ ಬೆರಳಿಟ್ಟು ನಾಡಿ ನೋಡಿದರೆ, ನಾಯಿ ಉಸಿರು ಒಳಗೆಳೆದಾಗಲೆಲ್ಲ ನಾಡಿ ಇಲ್ಲವಾಗುತ್ತಿತ್ತು. ಬೆರಳಿಗೆ ಕಿವುಡಿಲ್ಲವಲ್ಲ! ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಈಗ ದಿಂಬಿನ ಸದ್ದೂ ಇಲ್ಲ.

ಹೋದದ್ದು ತನ್ನ ಕಿವಿಯೋ, ನಾಯಿಯ ಎದೆಯೋ? ಮೊದಲನೆಯದಾದರೆ ತನ್ನ ಕೆಲಸ ಮುಗಿಯಿತು. ಎರಡನೆಯದಾದರೆ ನಾಯಿ ಇನ್ನೊಂದು ಗಂಟೆ ಉಳಿಯುವುದೂ ಕಷ್ಟ. ಡಾಕ್ಟರು ಕುತ್ತಿಗೆಯಿಂದ ಸ್ಟೆತಾಸ್ಕೋಪ್ ತೆಗೆದರು.

"ಸಿಸ್ಟರ್, ತಗೋ. ನೀನು ಕೇಳು."

ಸಿಸ್ಟರ್ ಕೈಯನ್ನು ಏಪ್ರನ್ನಿಗೆ ಎರಡು ಸಲ ಒರೆಸಿಕೊಂಡಳು. ಇಟ್ಟಳು, ಕೇಳಿದಳು, ಮುಖ ಸಣ್ಣದಾಯಿತು. "ನನಗೆ ಇಡೋಕೆ ಬರ್ತಿಲ್ವೇನೋ ಸಾರ್. ಏನೂ ಕೇಳಿಸ್ತಿಲ್ಲ."

"ನಿಂದೇ ಎದೆಗಿಟ್ಟು ಕೇಳ್ಕೋ."

"ಅಯ್ಯೋ! ಡಬಡಬ ಅಂತ ಒಡೆದು ಹೋಗ್ತಿದೆ ಸಾರ್!"

ಆ ಕ್ಷಣ ಡಾಕ್ಟರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕುಣಿಯುವುದೊಂದು ಬಾಕಿ. ಮರುಕ್ಷಣವೇ ಮೇಜಿನ ಮೇಲೆ ಸಾಯುತ್ತಿದ್ದ ನಾಯಿ ಕಣ್ಣಿಗೆ ಬಿತ್ತು, ತಮ್ಮ ಬಗ್ಗೆ ತಮಗೇ ಹೇಸಿಗೆಯಾಯಿತು. ಹೇಸಿಗೆಪಡುತ್ತ ನಿಲ್ಲಲು ಹೊತ್ತಿರಲಿಲ್ಲ. ಸ್ಕ್ಯಾನ್ ಯಂತ್ರದ ಬಟ್ಟೆ ಕಿತ್ತೆಸೆದರು. ತೆರೆಯ ಮೇಲೆ ಹೃದಯದ ಸುತ್ತ ದಪ್ಪ ಕಪ್ಪು ಪಟ್ಟಿ, ಅದರೊಳಗೆ ಹೃದಯ ಅತ್ತಿತ್ತ ತೂಗಾಡುತ್ತಿತ್ತು.

"ಹೃದಯದ ಮೇಲೆ ಒಂದು ತೆಳು ಚೀಲ ಇರತ್ತಮ್ಮ" ಎಂದರು ಟೈಲರಮ್ಮನಿಗೆ. "ಅದರಲ್ಲಿ ನೀರು ತುಂಬಿದೆ. ಹೃದಯಕ್ಕೆ ಅರಳೋಕೆ ಜಾಗ ಇಲ್ಲ."

"ಅಳತೆ ತಪ್ಪಿ ಹೊಲಿದ ಅಂಗಿ ಥರ?"

"ಹಾಗೇ. ಆದ್ರೆ ಇದನ್ನ ಬಿಚ್ಚೋಕಾಗಲ್ಲ, ಚುಚ್ಚಬೇಕು."

ಬಲಪಕ್ಕೆಯ ಕೂದಲು ಬೋಳಿಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಎರಡು ಪಕ್ಕೆಲುಬಿನ ನಡುವೆ ಉದ್ದ ಸೂಜಿ ಇಳಿಸಿ, ಅದರೊಳಗಿನಿಂದ ಮೆತ್ತನೆಯ ನಳಿಕೆ ತೂರಿಸಿದರು. ಸಿರಿಂಜಿಗೆ ಕಡುಕೆಂಪು ಬಂತು.

"ರಕ್ತ! ಹೃದಯಕ್ಕೇ ಚುಚ್ಚಿಬಿಟ್ರಾ!" ಎಂದು ಟೈಲರಮ್ಮ ಚೀರಿದಳು. ಡಾಕ್ಟರಿಗೆ ಅದು ಚೆನ್ನಾಗಿಯೇ ಕೇಳಿಸಿತು. ಅವರಿಗೂ ಅದೇ ಭಯವಿತ್ತು. ಕೆಂಪನ್ನು ಒಂದು ಗಾಜಿನ ನಳಿಕೆಗೆ ಹಾಕಿ ಆಕೆಯ ಕೈಗಿತ್ತರು. "ಇದನ್ನ ವಾಲಿಸ್ತಾ ಇರಿ. ಹೃದಯದ ರಕ್ತ ಆದ್ರೆ ಹೆಪ್ಪು ಕಟ್ಟತ್ತೆ. ಚೀಲದ್ದಾದ್ರೆ ಕಟ್ಟಲ್ಲ. ಕಟ್ಟಿದ್ರೆ ತಕ್ಷಣ ಕೂಗಿ."

ಟೈಲರಮ್ಮ ವಾಲಿಸಿದಳು. ಪ್ಲಂಬರ್ ಗಡಿಯಾರ ನೋಡಿದ. ಐದು ನಿಮಿಷ, ಏಳು ನಿಮಿಷ, ಹತ್ತು ನಿಮಿಷ. ಕೆಂಪು ನೀರು ನೀರಾಗಿಯೇ ಉಳಿಯಿತು. ಅಷ್ಟರಲ್ಲಿ ಬೋಗುಣಿಗೆ ಅರ್ಧ ಲೀಟರಿಗೂ ಮೇಲೆ ಬಂದಿತ್ತು. ಒಸಡಿಗೆ ಬಣ್ಣ ಮರಳಿತು. ದೊರೆ ತಲೆಯೆತ್ತಿ, ಸಿಸ್ಟರ ಮೊಣಕೈ ನೆಕ್ಕಿ, ಮೇಜಿನಿಂದ ಇಳಿಯಲು ಹವಣಿಸಿದ.

ಡಾಕ್ಟರು ಸ್ಟೆತಾಸ್ಕೋಪನ್ನು ಮೊದಲು ಸಿಸ್ಟರಿಗೇ ಕೊಟ್ಟರು. ಆಕೆ ನಕ್ಕಳು. ಆಮೇಲೆ ತಾವು ಕೇಳಿದರು. ಲಬ್ ಡಬ್, ಲಬ್ ಡಬ್, ಬಾಗಿಲು ಬಡಿದಂತೆ.

"ಸೋಮವಾರ ಎದೆ ಚೆನ್ನಾಗಿದೆ ಅಂದ್ರಲ್ಲ?" ಟೈಲರಮ್ಮ ಕೇಳಿದಳು.

ನೀರು ನಿನ್ನೆಯಷ್ಟೇ ತುಂಬಿದ್ದು ಎನ್ನಬಹುದಿತ್ತು. ಆಕೆಗೇನು ತಿಳಿಯುತ್ತಿತ್ತು? ಡಾಕ್ಟರು ಹಾಗೆನ್ನಲಿಲ್ಲ. "ಸುಳ್ಳು ಹೇಳ್ದೆ ಅಮ್ಮ. ಆವತ್ತೇ ಕೇಳಿಸ್ಲಿಲ್ಲ. ನನ್ನ ಕಿವಿ ಮಂದ, ಅದಕ್ಕೇ ಅಂದ್ಕೊಂಡೆ. ಆ ಮಾತ್ರೆನೂ ಕೊಡಬಾರದಿತ್ತು, ಅದರಿಂದ ಇನ್ನೂ ಸೋತುಹೋದ. ಅದನ್ನ ಎಸೆದುಬಿಡಿ."

"ಕೇಳಿಸ್ಲಿಲ್ಲ ಅಂದಿದ್ರೆ ನಾನೇನು ನಿಮ್ಮ ಕಿವಿ ಕಿತ್ಕೋತಿದ್ನಾ?" ಎಂದಳು ಟೈಲರಮ್ಮ. ಸಂಜೆ ನಾಯಿಯನ್ನು ಕರೆದೊಯ್ಯುವಾಗ ಬರ್ತೀನಿ ಎನ್ನಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಹೃದಯದಲ್ಲೇನಾದರೂ ಗೆಡ್ಡೆಯಿದೆಯೇ ಎಂದು ನೋಡಿಸಬೇಕು, ಮೂರು ವಾರಕ್ಕೆ ಮತ್ತೆ ತರಬೇಕು, ನೀರು ಮತ್ತೆ ಮತ್ತೆ ತುಂಬಿದರೆ ಚೀಲವನ್ನೇ ಕತ್ತರಿಸಿ ತೆಗೆಸಬೇಕಾಗಬಹುದು ಎಂದು ಡಾಕ್ಟರು ಬಾಗಿಲವರೆಗೂ ಹೇಳುತ್ತ ಹೋದರು. ಆಕೆ ತಿರುಗಿ ನೋಡಲಿಲ್ಲ.

ಆ ಮೂರು ವಾರ ಪ್ರತಿ ಎದೆಯನ್ನೂ ಇಬ್ಬರು ಕೇಳಿದರು. ಒಂದು ದಿನ ಏದುಸಿರಿನ ಮುದಿ ಬೆಕ್ಕು ಬಂದಾಗ ಸ್ಕ್ಯಾನ್ ನೋಡಿ ಸಿಸ್ಟರ್, "ಚೀಲದಲ್ಲಿ ನೀರು, ಸೂಜಿ ತರ್ಲಾ ಸಾರ್?" ಎಂದಳು. "ನಿಲ್ಲಮ್ಮ, ಬೆಕ್ಕಿನ ಲೆಕ್ಕವೇ ಬೇರೆ. ಇದರಲ್ಲಿ ಹೃದಯವೇ ಸೋತು ನೀರು ಸೇರಿದೆ. ಇದಕ್ಕೆ ಆ ಉಚ್ಚೆ ಮಾತ್ರೆಯೇ ಔಷಧಿ" ಎಂದು ಡಾಕ್ಟರು ನಕ್ಕರು. ನಗು ಬಂತಾದರೂ ಕಣ್ಣು ಬೀದಿಯ ಕಡೆಗೇ ಇತ್ತು.

ಮೂರನೆಯ ಬುಧವಾರ ದೊರೆ ಟೈಲರಮ್ಮನನ್ನು ಎಳೆದುಕೊಂಡು ಮೆಟ್ಟಿಲು ಹತ್ತಿದ. ದೊಡ್ಡ ಆಸ್ಪತ್ರೆಯಲ್ಲಿ ಗೆಡ್ಡೆ ಕಂಡಿರಲಿಲ್ಲ. ಸಿಸ್ಟರ್ ಕೇಳಿದಳು, ಡಾಕ್ಟರು ಕೇಳಿದರು, ಸ್ಕ್ಯಾನಿನಲ್ಲೂ ಕಪ್ಪು ಪಟ್ಟಿಯಿಲ್ಲ.

"ಇಬ್ರಿಗೂ ಕೇಳ್ತಾ?" ಎಂದಳು ಟೈಲರಮ್ಮ.

"ಇಬ್ರಿಗೂ."

"ಹಾಗಾದ್ರೆ ಸರಿ. ಮುಂದಿನ ತಿಂಗಳು ಎಷ್ಟನೇ ತಾರೀಖು ಬರ್ಲಿ?"

ಡಾಕ್ಟರು ಮಧ್ಯಾಹ್ನ ಮನೆಗೆ ಹೋಗಿ, ಊಟಕ್ಕೂ ಕೂರದೆ, ಹೆಂಡತಿಗೆ ಹೇಳಿಬಿಟ್ಟರು. "ನನಗೆ ಕಿವಿ ಸರಿಯಾಗಿ ಕೇಳ್ಸಲ್ಲ ಕಣೇ. ಮೂರು ವರ್ಷ ಆಯ್ತು."

ಹೆಂಡತಿ ಸೌಟು ಕೆಳಗಿಟ್ಟಳು. "ಮತ್ತೆ ನಾನು ಮೂರು ವರ್ಷದಿಂದ ಗಂಟಲು ಹರ್ಕೊಂಡು ಮಾತಾಡ್ತಿರೋದು ಯಾಕೆ ಅಂದ್ಕೊಂಡ್ರಿ?"

"ನನ್ ಮೇಲೆ ಸಿಟ್ಟು ಅಂದ್ಕೊಂಡಿದ್ದೆ."

ಆಕೆ ಪಕ್ಕದಲ್ಲಿ ಬಂದು ಕೂತು, ಮೊದಲಿನ ಮೆಲುದನಿಯಲ್ಲಿ ಏನೋ ಹೇಳಿದಳು. ಡಾಕ್ಟರು ಎಂದಿನಂತೆ ಕೇಳಿಸಿದವರ ಹಾಗೆ ತಲೆಯಾಡಿಸಲಿಲ್ಲ. "ಏನಂದೆ? ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು" ಎಂದರು. ಆಕೆ ಹೇಳಿದಳು.